ಚಿಟಪಟ ಹೊಳೆಗೆ ಬಿದ್ದ ದಿನ

ಅಂದು ಬೆಳಿಗ್ಗೆ ಹನ್ನೊಂದರೊಳಗೆ ಚಿಟ್ಟಕ್ಕ ನಲವತ್ತು ಸಲ ಜಿಗಿದಿದ್ದಳು, ಹದಿನಾರು ಸಲ ಬಿದ್ದಿದ್ದಳು, ಎರಡು ಸಲ ಮೈಗೆ ಬೆಂಕಿ ತಗುಲಿಸಿಕೊಂಡಿದ್ದಳು. ಇಷ್ಟೆಲ್ಲ ಆದರೂ ನಿಂತ ಜಾಗದಿಂದ ಒಂದಿಂಚು ಅಲುಗಿರಲಿಲ್ಲ. ಮೈಕಿನ ಮುಂದೆ ಅಲುಗುವ ಹಾಗೂ ಇಲ್ಲ. ಬಟ್ಟೆಯ ಸರಸರ ಸದ್ದೂ ಅದಕ್ಕೆ ಕೇಳಿಬಿಡುತ್ತದೆ. ಗಾಜಿನ ಆಚೆ ಕೂತಿದ್ದ ಸೌಂಡಣ್ಣ ಬೆರಳೆತ್ತಿದಾಗಲೆಲ್ಲ ಅವಳು “ಹುಪ್!” ಎನ್ನಬೇಕು. ಸಣ್ಣ ಜಿಗಿತಕ್ಕೊಂದು ಹುಪ್, ದೊಡ್ಡ ಜಿಗಿತಕ್ಕೆ ಇನ್ನೊಂದು ಹುಪ್, ಜಿಗಿದು ಗೋಡೆಗೆ ಮೂಗು ಜಜ್ಜಿಕೊಂಡರೆ “ಹುಪ್ಪಯ್ಯಯ್ಯೋ!”

ವಿಡಿಯೋ ಗೇಮ್ ತಯಾರಿಸುವ ಆ ಕಂಪನಿಯ ಅನ್ನದಾತ ಚಿಟಪಟ. ಒಂಬತ್ತು ವರ್ಷದ ಹುಡುಗ, ಬೂಟಿನಿಂದ ಕಿಡಿ ಹಾರಿಸುತ್ತ ಕೋಟೆ ಗೋಡೆಗಳನ್ನು ಹಾರುವ ಪೋರ. ಅವನಿಗೆ ಕಂಠದಾನ ಮಾಡುತ್ತಿದ್ದವಳು ನಮ್ಮ ಚಿಟ್ಟಕ್ಕ. ಇಪ್ಪತ್ತೆರಡು ವರ್ಷಗಳಲ್ಲಿ ಏಳು ಆಟಗಳು ಬಂದಿದ್ದವು. ಚಿಟಪಟನಿಗೆ ಈಗಲೂ ಒಂಬತ್ತೇ ವರ್ಷ, ಚಿಟ್ಟಕ್ಕನಿಗೆ ಐವತ್ತಾರು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಎಲ್ಲೂ ಉಳಿದಿರಲಿಲ್ಲ. ಚಿಟಪಟನ ಅಕ್ಕ ಚಿಟ್ಟಕ್ಕ ಆಗಿದ್ದಳು, ಅಷ್ಟೇ.

ಎಂಟನೇ ಭಾಗದ ಮಾದರಿಗಾಗಿ ಜಿಗಿಯುವ ಕೆಲಸ ಮುಗಿಸಿ, ಬಿಸಿನೀರು ಗುಟುಕರಿಸುತ್ತ ಹೊರಗೆ ಬಂದರೆ ಬಾಗಿಲಲ್ಲೇ ಮೆಟ್ಟಿಲು ಮೇಷ್ಟ್ರು ನಿಂತಿದ್ದ. ಅವನು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಚಿಟಪಟ ಹತ್ತುವ ಕೋಟೆಗಳ ಮೆಟ್ಟಿಲುಗಳನ್ನೆಲ್ಲ ಹನ್ನೊಂದು ವರ್ಷದಿಂದ ಕಂಪ್ಯೂಟರಿನಲ್ಲಿ ಕಟ್ಟುತ್ತಿದ್ದವನು. ಯಾವ ಮೆಟ್ಟಿಲು ಎಷ್ಟು ಎತ್ತರವಿದ್ದರೆ ಆಡುವವರಿಗೆ ರೋಷ ಬರುತ್ತದೆ, ಎಷ್ಟಿದ್ದರೆ ಬೇಸರ ಬರುತ್ತದೆ ಎಂದು ಬೆರಳಲ್ಲಿ ಅಳೆದು ಹೇಳುವನು. ಎಂದೂ ಗಟ್ಟಿಯಾಗಿ ಮಾತಾಡದ ಮನುಷ್ಯ. ಅಂದು ಅವನ ಕಿವಿಯೆಲ್ಲ ಕೆಂಪಾಗಿತ್ತು.

“ಅಕ್ಕ, ಐದು ನಿಮಿಷ ಇದೆಯಾ? ಒಂದು ತೋರಿಸ್ಬೇಕಿತ್ತು.”

“ಮತ್ತೆ ಮೆಟ್ಟಿಲಾ ಮಾರಾಯ? ಬೆಳಿಗ್ಗೆಯಿಂದ ಹತ್ತಿ ಹತ್ತಿ ಸಾಕಾಗಿದೆ.”

“ಮೆಟ್ಟಿಲೇ ಇಲ್ಲ ಅಕ್ಕ ಇದರಲ್ಲಿ. ನೀರು.”

ಲ್ಯಾಪ್‌ಟಾಪ್ ತೆರೆದ. ಪರದೆ ತುಂಬ ಬಿಳಿ ಮಂಜು. ನಡುವೆ ಒಂದು ಪುಟ್ಟ ದೋಣಿ, ಅದರಲ್ಲಿ ಬೆನ್ನು ತೋರಿಸಿ ಕೂತ ಒಬ್ಬ ಹೆಂಗಸು. ತಲೆಗೂದಲು ಅರ್ಧಕ್ಕರ್ಧ ಬೆಳ್ಳಗೆ. ಬೇರೇನೂ ಇಲ್ಲ. ದಡವಿಲ್ಲ, ಬಂಡೆಯಿಲ್ಲ, ಶತ್ರುವಿಲ್ಲ.

“ಇವಳು ದೋಣಿಯಮ್ಮ. ಹೊಳೆ ಮೇಲೆ ಮಂಜು ಮುಚ್ಚಿದೆ. ಕಣ್ಣಿಗೆ ಏನೂ ಕಾಣಲ್ಲ. ಇವಳು ಕೂಗ್ತಾಳೆ, ಕೂಗು ಹೋಗಿ ತಗಲಿ ವಾಪಸ್ ಬರತ್ತೆ. ಎಲ್ಲಿ ತಗಲಿತೋ ಅಲ್ಲಿ ಒಂದು ಗೆರೆ ಮೂಡತ್ತೆ. ಹಾಗೆ ದಾರಿ ಹುಡುಕ್ಕೊಂಡು ಜನರನ್ನ ಆಚೆ ದಡ ಮುಟ್ಟಿಸ್ಬೇಕು. ನೀವು ಒಂದ್ಸಲ ಕೂಗಿ ಅಕ್ಕ.”

ಚಿಟ್ಟಕ್ಕ ಲ್ಯಾಪ್‌ಟಾಪಿನ ಮೈಕಿನತ್ತ ಬಾಗಿ, ಅಭ್ಯಾಸಬಲದಿಂದ ಚಿಟಪಟನ ಗಿಳಿಗಂಟಲಲ್ಲೇ “ಓಹೋಯ್!” ಎಂದಳು.

“ಆ ದನಿ ಅಲ್ಲ. ನಿಮ್ಮದು.”

“ನನ್ನದು ಅಂದ್ರೆ?”

“ಮನೇಲಿ ಭಾವನ್ನ ಹೇಗೆ ಕರೀತೀರಿ? ಹಾಗೆ.”

ಚಿಟ್ಟಕ್ಕನಿಗೆ ನಗು ಬಂತು, ಜತೆಗೆ ವಿಚಿತ್ರವಾದ ನಾಚಿಕೆಯೂ. ಇಪ್ಪತ್ತೆರಡು ವರ್ಷದಲ್ಲಿ ಮೈಕಿನ ಮುಂದೆ ಅವಳ ಸ್ವಂತ ದನಿ ಹೊರಬಿದ್ದದ್ದು “ನೀರು ಕೊಡಿ”, “ಎಸಿ ಕಡಿಮೆ ಮಾಡಿ” ಎನ್ನುವುದಕ್ಕಷ್ಟೇ. ಗಂಟಲು ಸರಿಮಾಡಿಕೊಂಡು, ಮಹಡಿಯಿಂದ ಗಂಡನನ್ನು ಊಟಕ್ಕೆ ಕರೆಯುವ ಹಾಗೆ, ಹೊಟ್ಟೆಯಾಳದಿಂದ ಕೂಗಿದಳು: “ಓ… ಹೋ… ಯ್!”

ಕೂಗು ಮಂಜಿನೊಳಗೆ ಹೋಯಿತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ದೂರದಿಂದ, ಇನ್ನಷ್ಟು ಗೊಗ್ಗರಾಗಿ, ಅದೇ ದನಿ ತಿರುಗಿ ಬಂತು. ಬಂದಂತೆಲ್ಲ ಎಡಗಡೆ ಒಂದು ಬಂಡೆಯ ಅಂಚು, ಬಲಗಡೆ ಬಾಗಿದ ಮರದ ಕೊಂಬೆ, ಎದುರಿಗೆ ಉದ್ದಾನುದ್ದ ದಡ, ಯಾರೋ ಸೀಮೆಸುಣ್ಣದಲ್ಲಿ ಬರೆದ ಹಾಗೆ ಒಂದೊಂದಾಗಿ ಮೂಡಿ ಮಾಯವಾದವು.

ಚಿಟ್ಟಕ್ಕನ ತೋಳಿನ ರೋಮಗಳು ಎದ್ದು ನಿಂತವು.

“ಇನ್ನೊಂದ್ಸಲ,” ಎಂದಳು. ಕೂಗಿದಳು. “ಇರು, ಇನ್ನೊಂದ್ಸಲ.” ಐದು ನಿಮಿಷಕ್ಕೆಂದು ನಿಂತವಳು ಮುಕ್ಕಾಲು ಗಂಟೆ ಅಲ್ಲೇ ಇದ್ದಳು. ಬಿಸಿನೀರು ತಣ್ಣಗಾಯಿತು. ಸೌಂಡಣ್ಣ ಹುಡುಕಿಕೊಂಡು ಬಂದು, ಅವನೂ ಬಾಯಿಬಿಟ್ಟುಕೊಂಡು ನಿಂತ.

ಕಷ್ಟ ಎಂದರೆ, ಕಂಪನಿಗೆ ಒಂದು ಸಲಕ್ಕೆ ಒಂದೇ ದೊಡ್ಡ ಆಟ ಮಾಡುವ ಶಕ್ತಿ. ಎರಡು ವಾರದಲ್ಲಿ ಕಂಪನಿಯ ಒಡತಿ ಮೇಡಂ ತೀರ್ಮಾನ ಹೇಳುವವರಿದ್ದರು: ಚಿಟಪಟ ಎಂಟನೇ ಭಾಗವೋ, ಬೇರೇನಾದರೂ ಹೊಸದೋ.

“ಅಂದ್ರೆ ನನ್ನ ಹುಡುಗನ್ನ ಮನೆಯಿಂದ ಆಚೆ ಹಾಕೋ ಯೋಚನೆನಾ?” ಎಂದು ಚಿಟ್ಟಕ್ಕ ತಟ್ಟನೆ ಮೆಟ್ಟಿಲು ಮೇಷ್ಟ್ರ ಮೇಲೆ ಹರಿಹಾಯ್ದಳು.

“ಅಕ್ಕ, ಅವನು ನನಗೂ ಹುಡುಗನೇ. ಆದ್ರೆ ಅವನು ಹತ್ತದ ಮೆಟ್ಟಿಲು ನನ್ನ ಹತ್ರ ಒಂದೂ ಉಳಿದಿಲ್ಲ.”

ಚಿಟ್ಟಕ್ಕ ತಣ್ಣಗಾದ ನೀರನ್ನು ಒಂದೇ ಗುಟುಕಿಗೆ ಕುಡಿದು ಮನೆಗೆ ಹೊರಟಳು.

ಚಿಟ್ಟಕ್ಕನ ಗಂಡ ಲಿಫ್ಟ್ ರಿಪೇರಿ ಮಾಡುವವನು. ಆಟದ ವಿಷಯ ಕೇಳಿ ಅವನು ಎಂದೂ ತಲೆ ಕೆಡಿಸಿಕೊಂಡವನಲ್ಲ. ಅಂದು ಮಾತ್ರ ಹೆಂಡತಿ ಕೈ ತೊಳೆಯುವಾಗ ಕೂಗಿದಳು, ಬಟ್ಟೆ ಒಣಹಾಕುವಾಗ ಕೂಗಿದಳು, ಪಕ್ಕದ ಮನೆಯವರು “ಏನಾಯ್ತು?” ಎಂದು ಬಾಗಿಲಿಗೆ ಬಂದಾಗ ಅವನೇ ಹೇಳಿದ: “ಇಲ್ಲಿ ಕೂಗ್ಬೇಡ ಮಾರಾಯ್ತಿ. ನಾನೊಂದು ಜಾಗ ತೋರಿಸ್ತೀನಿ. ಹೊಸ ಕಟ್ಟಡ, ಒಂಬತ್ತು ಅಂತಸ್ತು. ಲಿಫ್ಟ್ ಇನ್ನೂ ಕೂರಿಸಿಲ್ಲ. ಗುಂಡಿ ಖಾಲಿ ಇದೆ.”

ಭಾನುವಾರ ಬೆಳಿಗ್ಗೆ ಸೌಂಡಣ್ಣ ಮೈಕು, ತಂತಿಗಳ ಹೊರೆ ಹೊತ್ತುಕೊಂಡು ಬಂದ. ಮೆಟ್ಟಿಲು ಮೇಷ್ಟ್ರು ತಲೆಗೆ ಹಳದಿ ಟೋಪಿ ಹಾಕಿಕೊಂಡು ಬಂದ. ಸಿಮೆಂಟಿನ ವಾಸನೆಯ ಆ ಲಿಫ್ಟ್ ಗುಂಡಿಯ ತಳದಲ್ಲಿ ಚಿಟ್ಟಕ್ಕ ನಿಂತು ಮೇಲೆ ನೋಡಿದರೆ, ತುತ್ತತುದಿಯಲ್ಲಿ ಅಂಗೈಯಗಲ ಬೆಳಕು. ಕೂಗಿದಳು. ಒಂಬತ್ತು ಅಂತಸ್ತಿನ ಗೋಡೆಗಳು ಆ ಕೂಗನ್ನು ಕೈಯಿಂದ ಕೈಗೆ ದಾಟಿಸುತ್ತ ಮೇಲೊಯ್ದು, ಮತ್ತೆ ಕೆಳಗೆ ತಂದು ಅವಳ ನೆತ್ತಿಯ ಮೇಲೆ ಸುರಿದವು.

ಸೌಂಡಣ್ಣ ಹೆಡ್‌ಫೋನ್ ಒತ್ತಿ ಹಿಡಿದು ಕುಣಿಯುವುದೊಂದು ಬಾಕಿ. “ಅಕ್ಕ, ಈ ದನಿ ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ?”

“ಬಚ್ಚಿಟ್ಟಿರ್ಲಿಲ್ಲ ಕಣೋ. ಯಾರೂ ಕೇಳಿರ್ಲಿಲ್ಲ.”

ಮಧ್ಯಾಹ್ನದವರೆಗೂ ಕೂಗಿದಳು. ದಣಿದ ಕೂಗು, ಸಿಟ್ಟಿನ ಕೂಗು, “ಹೆದರಬೇಡಿ, ನಾನಿದ್ದೀನಿ” ಎನ್ನುವಂಥ ಕೂಗು. ಮೇಲಿನ ಅಂತಸ್ತಿನಲ್ಲಿ ಯಾವುದೋ ಬೋಲ್ಟು ಬಿಗಿ ಮಾಡುತ್ತಿದ್ದ ಗಂಡ, ತನ್ನನ್ನೇ ಕರೆಯುತ್ತಿದ್ದಾಳೆ ಎಂದುಕೊಂಡು, ಮೇಲಿನಿಂದ ಅಷ್ಟೇ ಗಟ್ಟಿಯಾಗಿ ಉತ್ತರಿಸಿಬಿಟ್ಟ. ಚಿಟ್ಟಕ್ಕ ಬೈದಳು. ಸೌಂಡಣ್ಣ ಮೈಕು ಆರಿಸದೆ ಮೆಟ್ಟಿಲು ಮೇಷ್ಟ್ರ ಮುಖ ನೋಡಿದ. ಇಬ್ಬರೂ ತುಟಿ ಬಿಗಿದು ನಗು ತಡೆದುಕೊಂಡರು.

ಮೀಟಿಂಗ್ ದಿನ ಮೇಡಂ ಮೇಜಿನ ತಲೆಯ ಕಡೆ ಕೂತಿದ್ದರು. ಮೊದಲ ಚಿಟಪಟನ ಚಿತ್ರ ಬರೆದವರು ಅವರೇ, ಆಗ ಕಂಪನಿ ಎಂದರೆ ಒಂದು ಕೋಣೆ, ಮೂರು ಕುರ್ಚಿ. ಮಾರ್ಕೆಟಿಂಗ್ ಮುಖ್ಯಸ್ಥ ಎದ್ದು ನಿಂತ. ಮಾತುಗಾರ, ಆದರೆ ಬರೀ ಮಾತುಗಾರನಲ್ಲ. ಚಿಟಪಟ ಎಂದರೆ ಅವನಿಗೆ ಪ್ರಾಣ.

“ಮೇಡಂ, ಒಬ್ಬ ಅಪ್ಪ ಅಂಗಡಿಗೆ ಬರ್ತಾನೆ. ಮಗಳಿಗೆ ಏನಾದ್ರೂ ತಗೋಬೇಕು, ಕೈಯಲ್ಲಿ ಎರಡೇ ನಿಮಿಷ ಇದೆ. ಸಾಲಾಗಿ ಇನ್ನೂರು ಡಬ್ಬಿ. ಅದರಲ್ಲಿ ಚಿಟಪಟನ ಮುಖ ಕಂಡ ತಕ್ಷಣ ಅವನಿಗೆ ಜೀವ ಬರತ್ತೆ. ತಾನು ಚಿಕ್ಕವನಿದ್ದಾಗ ಆಡಿದ್ದು ಅದು! ಆ ನೆಂಟಸ್ತಿಕೆ ಬೆಳೆಸೋಕೆ ನಮಗೆ ಇಪ್ಪತ್ತೆರಡು ವರ್ಷ ಬೇಕಾಯ್ತು. ಅದನ್ನ ಬಿಟ್ಟು ಯಾರೂ ಕಂಡು ಕೇಳದ ಮುದುಕೀನ ಮಂಜಿನಲ್ಲಿ ಕೂರಿಸಿದ್ರೆ, ಯಾರು ತಿರುಗಿ ನೋಡ್ತಾರೆ?”

ಮೆಟ್ಟಿಲು ಮೇಷ್ಟ್ರು ನೀರು ಕುಡಿದ. “ತಿರುಗಿ ನೋಡದೇ ಇರಬಹುದು ಸಾರ್. ಮೊದಲನೇ ಚಿಟಪಟನ್ನೂ ಯಾರೂ ಕಂಡು ಕೇಳಿರ್ಲಿಲ್ಲ,” ಎಂದು ಹೇಳಿ, ಆಟ ಹಚ್ಚಿದ. ಕೂಗು ಕೋಣೆ ತುಂಬಿತು. ಮೇಡಂ ಕಣ್ಣು ಮುಚ್ಚಿ ಕೇಳಿದರು.

ಆಗಲೇ ಮಾರ್ಕೆಟಿಂಗ್ ಮುಖ್ಯಸ್ಥನಿಗೆ ಮಿಂಚು ಹೊಳೆದದ್ದು. “ಎರಡನ್ನೂ ಸೇರಿಸಿದ್ರೆ? ಇದೇ ಹೊಳೆ, ಇದೇ ಮಂಜು, ದೋಣಿಯಲ್ಲಿ ಚಿಟಪಟ! ಆಟ ಹೊಸದು, ಹೆಸರು ಹಳೇದು!”

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಎಷ್ಟೋ ಜನರಿಗೆ ಅದು ಸರಿ ಎನ್ನಿಸಿತು. ಮೇಡಂ ಮುಖವೂ ಅರಳಿತು. ಮೆಟ್ಟಿಲು ಮೇಷ್ಟ್ರು ಮಾತ್ರ ಹಲ್ಲುನೋವಿನವನ ಹಾಗೆ ಕೂತಿದ್ದ. ಮೇಡಂ ಚಿಟ್ಟಕ್ಕನ ಕಡೆ ತಿರುಗಿದರು. “ನೀನೇನಂತೀಯ? ಎರಡೂ ನಿನ್ನ ಗಂಟಲೇ.”

“ನಂಗೆ ಗೊತ್ತಾಗ್ತಿಲ್ಲ ಮೇಡಂ,” ಎಂದಳು ಚಿಟ್ಟಕ್ಕ, ಇದ್ದದ್ದನ್ನು ಇದ್ದ ಹಾಗೆ. “ಹುಡುಗನ್ನ ಬಿಡೋಕೆ ಮನಸ್ಸಿಲ್ಲ. ಆದ್ರೆ ಅವನು ಮಂಜಲ್ಲಿ ಸುಮ್ಮನೆ ಕೂತು ಕಿವಿಗೊಡ್ತಾನಾ? ಅವನು ಒಂದು ಕಡೆ ಕೂತಿದ್ದು ನಾನಂತೂ ನೋಡಿಲ್ಲ.”

“ನೋಡೇ ಬಿಡೋಣ,” ಎಂದರು ಮೇಡಂ. “ಎರಡನ್ನೂ ಮಾಡಿ. ಹೊರಗಿನ ಹನ್ನೆರಡು ಜನರನ್ನ ಕೂರಿಸಿ ಆಡಿಸಿ. ಅವರು ಬಾಯಲ್ಲಿ ಹೇಳೋದು ಬೇಡ ನನಗೆ. ಏನು ಮಾಡ್ತಾರೆ ಅನ್ನೋದು ನೋಡ್ಬೇಕು.”

ಹನ್ನೆರಡು ದಿನ ಕಚೇರಿಯಲ್ಲಿ ಯಾರಿಗೂ ಕೂರಲು ಪುರುಸೊತ್ತಿರಲಿಲ್ಲ. “ಜಿಗಿಯದ ಚಿಟಪಟ ಎಲ್ಲಾದ್ರೂ ಉಂಟಾ?” ಎಂದು ಮಾರ್ಕೆಟಿಂಗ್ ಮುಖ್ಯಸ್ಥ ಪಟ್ಟು ಹಿಡಿದದ್ದರಿಂದ, ದೋಣಿಯಲ್ಲಿದ್ದರೂ ಅವನಿಗೆ ಜಿಗಿಯಲು ಒತ್ತುವ ಗುಂಡಿಯೊಂದನ್ನು ಇಟ್ಟರು. ಚಿಟ್ಟಕ್ಕ ಗಿಳಿಗಂಟಲಲ್ಲೂ ಕೂಗಿದಳು, ಸ್ವಂತ ಗಂಟಲಲ್ಲೂ ಕೂಗಿದಳು.

ಪರೀಕ್ಷೆಯ ದಿನ ದೊಡ್ಡ ಹಾಲಿನಲ್ಲಿ ಹನ್ನೆರಡು ಪರದೆ, ಹನ್ನೆರಡು ಕುರ್ಚಿ. ಬಂದವರಲ್ಲಿ ಒಬ್ಬಳು ನರ್ಸ್, ಒಬ್ಬ ಬಸ್ ಕಂಡಕ್ಟರ್, ನಾಲ್ಕೈದು ಕಾಲೇಜಿನವರು, ಒಬ್ಬ ಬ್ಯಾಂಕಿನವನು, ಜನ್ಮದಲ್ಲಿ ಯಾವ ಆಟವನ್ನೂ ಆಡದ ಒಬ್ಬಳು ಟೈಲರಮ್ಮ. ಗಾಜಿನ ಗೋಡೆಯ ಈಚೆ ಮೇಡಂ, ಮಾರ್ಕೆಟಿಂಗ್ ಮುಖ್ಯಸ್ಥ, ಮೆಟ್ಟಿಲು ಮೇಷ್ಟ್ರು, ಚಿಟ್ಟಕ್ಕ. ಹನ್ನೆರಡೂ ಆಟಗಳ ಸದ್ದನ್ನು ಸೌಂಡಣ್ಣ ಒಂದೇ ಸ್ಪೀಕರಿಗೆ ಜೋಡಿಸಿ ಇವರ ಮುಂದಿಟ್ಟಿದ್ದ.

ಮೊದಲು ಚಿಟಪಟ. ಪರದೆಯ ಮೇಲೆ ಅವನ ಕೆಂಪು ಬೂಟು ಕಂಡದ್ದೇ ತಡ, ಹಾಲಿನಲ್ಲಿ “ಓ!” ಎಂಬ ಸಂತೋಷ. ಕಂಡಕ್ಟರಂತೂ ಹಳೇ ಗೆಳೆಯ ಸಿಕ್ಕ ಹಾಗೆ ಪರದೆಗೆ ಕೈ ಬೀಸಿದ. ಮಾರ್ಕೆಟಿಂಗ್ ಮುಖ್ಯಸ್ಥ ಹೆಮ್ಮೆಯಿಂದ ಮೇಡಂ ಕಡೆ ನೋಡಿದ.

ಮರುಕ್ಷಣ ಸ್ಪೀಕರಿನಲ್ಲಿ ಕೇಳಿಸಿತು: “ಹುಪ್!” ಗುಳುಂ.

ಕಂಡಕ್ಟರನ ಚಿಟಪಟ ದೋಣಿಯಿಂದ ಜಿಗಿದು ಹೊಳೆಗೆ ಬಿದ್ದಿದ್ದ.

“ಹುಪ್!” ಗುಳುಂ. ನರ್ಸಿನ ಚಿಟಪಟ. “ಹುಪ್!” ಗುಳುಂ. “ಹುಪ್!” ಗುಳುಂ. ಬ್ಯಾಂಕಿನವನು, ಕಾಲೇಜಿನವರು, ಒಬ್ಬರ ಹಿಂದೊಬ್ಬರು. ಅರ್ಧ ನಿಮಿಷದಲ್ಲಿ ಸ್ಪೀಕರು ಮಳೆಗಾಲದ ಕಪ್ಪೆಹೊಂಡವಾಯಿತು. ಹುಪ್ ಗುಳುಂ, ಹುಪ್ ಗುಳುಂ, ಹುಪ್ಪಯ್ಯಯ್ಯೋ ಗುಳುಂ!

ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಚಿಟಪಟ ಕಂಡರೆ ಜಿಗಿಯಬೇಕು ಎಂದು ಅವರ ಹೆಬ್ಬೆರಳುಗಳಿಗೇ ಗೊತ್ತಿತ್ತು. ಹನ್ನೊಂದು ಜನರ ಹನ್ನೊಂದು ಚಿಟಪಟರು ನೀರುಪಾಲು. ದೋಣಿಯಲ್ಲಿ ಉಳಿದವನು ಟೈಲರಮ್ಮನ ಚಿಟಪಟ ಒಬ್ಬನೇ, ಅದೂ ಅವಳಿಗೆ ಯಾವ ಗುಂಡಿ ಒತ್ತಬೇಕೆಂದು ತಿಳಿಯದೆ.

ಮೊದಲು ಬಿದ್ದು ಬಿದ್ದು ನಕ್ಕವಳು ಚಿಟ್ಟಕ್ಕ. ತನ್ನದೇ ಹನ್ನೊಂದು ಗಂಟಲು ಒಟ್ಟಿಗೆ ಮುಳುಗುವುದನ್ನು ಕೇಳಿ ಅವಳ ಕಣ್ಣಲ್ಲಿ ನೀರು ಬಂತು. ಮಾರ್ಕೆಟಿಂಗ್ ಮುಖ್ಯಸ್ಥ ಗಂಭೀರವಾಗಿರಲು ಎಷ್ಟೋ ಪ್ರಯತ್ನಿಸಿ, ಕೊನೆಗೆ ಅವನೂ ಹೊಟ್ಟೆ ಹಿಡಿದುಕೊಂಡ. ಹಾಲಿನಲ್ಲಿದ್ದವರೂ ನಗುತ್ತ, ಬೇಕೆಂದೇ ಇನ್ನಷ್ಟು ಬೀಳಿಸತೊಡಗಿದರು.

“ನೋಡಿ ಮೇಡಂ, ಎಷ್ಟು ಖುಷಿಯಾಗಿದಾರೆ!” ಎಂದ ಅವನು, ನಗುವಿನ ನಡುವೆಯೇ.

“ಖುಷಿಯಾಗಿದಾರಪ್ಪ,” ಎಂದರು ಮೇಡಂ. “ಹೊಳೆ ದಾಟಿದ್ದು ಎಷ್ಟು ಜನ?”

ಇಪ್ಪತ್ತು ನಿಮಿಷದಲ್ಲಿ ಒಬ್ಬರೂ ದಾಟಿರಲಿಲ್ಲ. ಮಂಜಿಗೆ ಕಿವಿಗೊಟ್ಟವರೂ ಇಲ್ಲ.

ಚಹಾ ಆದ ಮೇಲೆ ದೋಣಿಯಮ್ಮನ ಸರದಿ. ಈಗ ಚಿಟ್ಟಕ್ಕನ ನಗು ಎಲ್ಲೋ ಹೋಗಿತ್ತು. ಪರದೆ ಹತ್ತಿದ ಕೂಡಲೇ ಕಂಡಕ್ಟರು “ಚಿಟಪಟ ಎಲ್ಲಿ ಹೋದ?” ಎಂದು ಕೇಳಿದ. ಒಬ್ಬ ಕಾಲೇಜಿನವನು ಒಂದು ನಿಮಿಷ ನೋಡಿ, ಹೆಡ್‌ಫೋನ್ ತೆಗೆದಿಟ್ಟು, ಮೊಬೈಲು ತೆಗೆದ. ಮೆಟ್ಟಿಲು ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದ. ಚಿಟ್ಟಕ್ಕ ಗಾಜಿನ ಹತ್ತಿರಕ್ಕೆ ಸರಿದಳು. ಚಿಟಪಟ ಬಿದ್ದಾಗ ನಗು ಬರುತ್ತದೆ. ಇವಳು ಬಿದ್ದರೆ? ಇದು ಅವಳದೇ ದನಿ, ಮರೆಯಾಗಲು ಬೂಟು ಟೋಪಿ ಯಾವುದೂ ಇಲ್ಲ.

ಮೊದಲು ಕೂಗಿದ್ದು ಟೈಲರಮ್ಮ. ಕೂಗಿನ ಗುಂಡಿಯನ್ನು ಒತ್ತಿ ಹಿಡಿದಳು, ಬಿಡಲೇ ಇಲ್ಲ. “ಓ… ಹೋ… ಯ್!” ಒಂಬತ್ತು ಅಂತಸ್ತಿನ ಆಳದಿಂದ ಎದ್ದು ಬಂದ ಆ ಕೂಗಿಗೆ ಟೈಲರಮ್ಮನ ಬೆನ್ನು ನೆಟ್ಟಗಾಯಿತು. ಪಕ್ಕದ ನರ್ಸ್ ಕೂಗಿದಳು. ಬ್ಯಾಂಕಿನವನು ಕೂಗಿದ. ಗೆರೆಗಳು ಮೂಡಿದವು, ಮಾಯವಾದವು. ಒಬ್ಬೊಬ್ಬರಾಗಿ ಪರದೆಯತ್ತ ಬಾಗಿದರು. ಯಾರೋ ಕುರ್ಚಿ ಎಳೆದರೆ ನರ್ಸ್ ತಿರುಗಿ “ಶ್! ಕೇಳಿಸ್ತಿಲ್ಲ!” ಎಂದು ಗದರಿದಳು. ಹಾಲ್ ಪೂರ್ತಿ ನಿಶ್ಶಬ್ದ.

ಆಗ ಮಂಜಿನೊಳಗಿಂದ, ಬಹಳ ದೂರದಿಂದ, ಒಂದು ಗಂಡಸಿನ ದನಿ ಕೇಳಿಬಂತು.

“ಓ… ಬಂದೇ… ತಡಿಯೇ!”

“ಅಯ್ಯೋ, ನಮ್ಮನೆಯವರು!” ಎಂದು ಚಿಟ್ಟಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ಲಿಫ್ಟ್ ಗುಂಡಿಯ ಮೇಲಿನಿಂದ ಅಂದು ಗಂಡ ಕೊಟ್ಟ ಉತ್ತರವನ್ನು ಸೌಂಡಣ್ಣ ಜೋಪಾನವಾಗಿ ಇಟ್ಟುಕೊಂಡಿದ್ದ. ಮೆಟ್ಟಿಲು ಮೇಷ್ಟ್ರು ಅದನ್ನು ಹೊಳೆಯ ನಡುವಿನ ಒಂದು ಬಂಡೆಯ ಮೇಲೆ, ಒಬ್ಬ ಪ್ರಯಾಣಿಕನ ಬಾಯಲ್ಲಿ ಇಟ್ಟಿದ್ದ.

ಟೈಲರಮ್ಮ ಎದ್ದೇ ನಿಂತಳು. “ಯಾರೋ ಇದಾರೆ! ಅಲ್ಲಿ ಯಾರೋ ಇದಾರೆ!”

“ನಂಗೂ ಕೇಳಿಸ್ತು! ಎಡಗಡೆ!”

“ಎಡ ಅಲ್ಲ ರೀ, ಬಂಡೆ ಹಿಂದೆ! ಕೂಗಿ, ಕೂಗಿ!”

ಹಾಲಿಗೆ ಹಾಲೇ ಎದ್ದು ಕೂತಿತು. ಹನ್ನೊಂದು ಕೂಗು ಒಂದರ ಮೇಲೊಂದು ಬಿದ್ದು ಗಾಜು ಝುಮ್ಮೆಂದಿತು. ಮೊಬೈಲು ಹಿಡಿದಿದ್ದ ಹುಡುಗ “ಏನು? ಎಲ್ಲಿ?” ಎನ್ನುತ್ತ ಹೆಡ್‌ಫೋನನ್ನು ಉಲ್ಟಾ ಹಾಕಿಕೊಂಡ. ಮೊದಲು ದಡ ಮುಟ್ಟಿದವಳು ಟೈಲರಮ್ಮ. ಅವಳು ಎರಡೂ ಕೈ ಮೇಲೆತ್ತಿ “ಇಳಿಸಿದೆ!” ಎಂದಾಗ, ಮುಖ ಮೂತಿ ಕಂಡಿರದ ಹನ್ನೊಂದು ಜನ ಚಪ್ಪಾಳೆ ತಟ್ಟಿದರು. ಸಮಯ ಮುಗಿಯಿತೆಂದು ಹೇಳಲು ಮೆಟ್ಟಿಲು ಮೇಷ್ಟ್ರು ಒಳಗೆ ಹೋದರೆ, ಕಂಡಕ್ಟರು ಅವನ ಮುಖವನ್ನೂ ನೋಡಲಿಲ್ಲ. “ಎರಡು ನಿಮಿಷ ತಾಳಿ ಸಾರ್. ಪಾಪ, ಆ ಯಪ್ಪ ನೀರಲ್ಲಿ ನಿಂತಿದಾನೆ.”

ಮೇಡಂ ಆಗಲೇ ಗಾಜಿಗೆ ಮೂಗು ತಾಗಿಸಿ ನಿಂತಿದ್ದರು. “ಚಿಟಪಟನ ಮೊದಲನೇ ದಿನ ಹೀಗೇ ಆಗಿತ್ತು,” ಎಂದರು. ಗಾಜಿನಿಂದ ಈಚೆ ತಿರುಗಿದರು. “ಇದನ್ನ ಮಾಡೋಣ. ಇದರ ಸ್ವಂತ ಹೆಸರಲ್ಲೇ ಮಾಡೋಣ. ಹುಡುಗ ಒಂದು ವರ್ಷ ರಜ ತಗೊಳ್ಲಿ.”

ಎಲ್ಲರೂ ಮಾರ್ಕೆಟಿಂಗ್ ಮುಖ್ಯಸ್ಥನ ಕಡೆ ನೋಡಿದರು. ಅವನು ಕಣ್ಣೊರೆಸಿಕೊಂಡ, ನಗುವಿನ ನೀರೋ ಬೇರೆಯದೋ ತಿಳಿಯಲಿಲ್ಲ. “ಇದನ್ನ ಮಾರೋದು ಕಷ್ಟ ಮೇಡಂ. ತುಂಬ ಕಷ್ಟ. ಚಿತ್ರ ತೋರಿಸಿದ್ರೆ ಯಾರೂ ನಿಲ್ಲಲ್ಲ.” ಒಂದು ಕ್ಷಣ ತಡೆದು, ತಾನೇ ಕುರ್ಚಿಯಿಂದ ಜಿಗಿದೆದ್ದ. “ಚಿತ್ರ ತೋರಿಸೋದೇ ಬೇಡ! ಬರೀ ಕೂಗು ಕೇಳಿಸೋಣ! ಪರದೆ ಪೂರ್ತಿ ಬಿಳಿ, ಒಂದು ಕೂಗು, ಒಂದು ಉತ್ತರ, ಅಷ್ಟೇ!”

ಅವನು ಅದನ್ನೇ ಮಾಡಿದ. ಆಟಕ್ಕೆ ‘ಆಚೆ ದಡ’ ಎಂದು ಹೆಸರಾಯಿತು. ಹದಿನಾಲ್ಕು ತಿಂಗಳ ನಂತರ ಅದು ಹೊರಬಂದಾಗ ಮೊದಲ ವಾರ ಅವನು ಹೇಳಿದ್ದೇ ನಿಜವೆನ್ನಿಸಿತು. ಚಿಟಪಟನಿಗಾಗಿ ಕಾದಿದ್ದವರು ಸಿಟ್ಟಾಗಿ ಪತ್ರ ಬರೆದರು. ಅಂಗಡಿಗಳಲ್ಲಿ ಡಬ್ಬಿಗಳು ಹಾಗೇ ನಿಂತವು. ಚಿಟ್ಟಕ್ಕ ಕಂಪನಿಯವರ ಮುಖ ನೋಡಲು ಹೆದರಿ ಎರಡು ದಿನ ತಲೆನೋವೆಂದು ಮನೆಯಲ್ಲೇ ಉಳಿದಳು. ಎರಡನೇ ವಾರ ಯಾರೋ ತಮ್ಮ ಅಜ್ಜಿ ಆಡುವುದನ್ನು ಚಿತ್ರೀಕರಿಸಿ ಇಂಟರ್ನೆಟ್ಟಿಗೆ ಹಾಕಿದರು. ಅಜ್ಜಿ ಪರದೆಯೊಳಗಿನವನಿಗೆ “ಅಲ್ಲೇ ನಿಲ್ಲಪ್ಪ, ಬಂದೆ” ಎನ್ನುತ್ತಿದ್ದಳು. ಅಲ್ಲಿಂದ ಅದು ಹಬ್ಬಿತು ನೋಡಿ, ತಡೆಯುವವರಿರಲಿಲ್ಲ. ಆಟವೇ ಆಡದವರು ಆಡಿದರು. ಮಕ್ಕಳಿಂದ ತಾಯಂದಿರು ಕಿತ್ತುಕೊಂಡು ಆಡಿದರು. ಚಿಟ್ಟಕ್ಕನ ಗಂಡನನ್ನು ಅವನು ಲಿಫ್ಟ್ ರಿಪೇರಿಗೆ ಹೋದ ಕಟ್ಟಡಗಳಲ್ಲಿ ಜನ ದನಿಯಿಂದಲೇ ಗುರುತು ಹಿಡಿದು, ಕೆಲಸ ಬಿಡಿಸಿ “ಬಂದೇ ತಡಿಯೇ” ಅನ್ನಿಸುತ್ತಿದ್ದರು. ಅವನು ಬೇಡ ಬೇಡ ಎನ್ನುತ್ತಲೇ ಪ್ರತಿ ಸಲವೂ ಇನ್ನಷ್ಟು ಎಳೆದು ಹೇಳುತ್ತಿದ್ದ.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮಾರ್ಕೆಟಿಂಗ್ ಮುಖ್ಯಸ್ಥ ಏದುಸಿರು ಬಿಡುತ್ತ ಬಂದ. “ಅಕ್ಕ! ‘ಆಚೆ ದಡ’ ಭಾಗ ಎರಡು! ಜನ ಕೇಳ್ತಾ ಇದಾರೆ. ಈ ಸಲ ಸಮುದ್ರ!”

ಚಿಟ್ಟಕ್ಕ ನಗುತ್ತಾಳೆ ಎಂದುಕೊಂಡಿದ್ದ ಮೆಟ್ಟಿಲು ಮೇಷ್ಟ್ರು. ಅವಳು ನಗಲಿಲ್ಲ. ಅವಳ ಕಣ್ಣು ಫಳ್ಳೆಂದಿತು.

“ಸಮುದ್ರನಾ? ದೋಣಿಯಮ್ಮ ಸಮುದ್ರಕ್ಕೆ ಹೋಗ್ತಾಳಾ? ಹೋಗ್ಲೇಬೇಕು! ಅವಳನ್ನ ಅಷ್ಟಕ್ಕೇ ಬಿಟ್ಟುಬಿಡೋಕೆ ಆಗತ್ತಾ?”

“ಅಕ್ಕ, ನೀವೂನಾ?” ಎಂದ ಮೆಟ್ಟಿಲು ಮೇಷ್ಟ್ರು. ಅವನ ಕಂಕುಳಲ್ಲಿ ಲ್ಯಾಪ್‌ಟಾಪ್ ಇತ್ತು, ಕಿವಿ ಕೆಂಪಾಗಿತ್ತು. “ನಾನು ಬೇರೆ ಏನೋ ತಂದಿದ್ದೆ. ಇದರಲ್ಲಿ ನೀರೂ ಇಲ್ಲ, ಕೂಗೂ ಇಲ್ಲ. ಒಂದು ಅಂಚೆ ಕಚೇರಿ…”

“ಅಂಚೆ ಕಚೇರಿ ಯಾರಿಗೆ ಬೇಕೋ?” ಎಂದರು ಚಿಟ್ಟಕ್ಕ, ಮಾರ್ಕೆಟಿಂಗ್ ಮುಖ್ಯಸ್ಥ, ಇಬ್ಬರೂ ಒಂದೇ ಉಸಿರಿನಲ್ಲಿ.

ಹೇಳಿದ ಮೇಲೆ ಚಿಟ್ಟಕ್ಕ ತಡೆದಳು. ಒಂದು ಕ್ಷಣ ಲ್ಯಾಪ್‌ಟಾಪನ್ನೇ ನೋಡಿದಳು.

“ಯಾವ ಅಂಚೆ ಕಚೇರಿ? ತೆಗಿ, ನೋಡೋಣ. ಆದ್ರೆ ಮೊದಲೇ ಹೇಳಿಬಿಡ್ತೀನಿ, ನನ್ನ ವೋಟು ಸಮುದ್ರಕ್ಕೇ,” ಎನ್ನುತ್ತ ಕುರ್ಚಿಯನ್ನು ಅವನ ಪಕ್ಕಕ್ಕೇ ಎಳೆದುಕೊಂಡಳು.